ರಿಸ್ಪೆರಿಡೋನ್ ಮಾತ್ರೆ: ನಿಲ್ಲಿಸಬೇಕೆ ಎಂಬ ಪ್ರಶ್ನೆ ಬಂದಾಗ

ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಬರುವ ಅಹವಾಲುಗಳಲ್ಲಿ ರಸ್ತೆ, ಕುಡಿಯುವ ನೀರು, ಮನೆ ಹಂಚಿಕೆಗಳದೇ ದೊಡ್ಡ ಪಾಲು. ಅವುಗಳ ನಡುವೆ ಎಂದೋ ಒಮ್ಮೆ, ಸಾಮಾನ್ಯವಾಗಿ ಕತ್ತಲಾದ ಮೇಲೆ, ಬೇರೆಯದೇ ಒಂದು ಅಹವಾಲು ಬರುತ್ತದೆ. ಮಗನಿಗೆ ಮನಸ್ಸು ಕೆಟ್ಟಿತ್ತು, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದೆವು, ಮಾತ್ರೆ ಕೊಟ್ಟರು, ಕಿರುಚಾಟ ನಿಂತಿತು. ಆದರೆ ಈಗ ಅವನು ಮರದ ಕೊರಡಿನಂತೆ ಕುಳಿತಿರುತ್ತಾನೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ಈ ಮಾತ್ರೆಯನ್ನು ನಿಲ್ಲಿಸಿಬಿಡೋಣವೇ?

ಆ ಹೊತ್ತಿನಲ್ಲಿ ಸದಸ್ಯರು ಆಡುವ ಮಾತು ಆ ಕುಟುಂಬದ ಮುಂದಿನ ಒಂದು ವರ್ಷವನ್ನು ನಿರ್ಧರಿಸಬಲ್ಲದು. ‘ಇಷ್ಟೊಂದು ಮಾತ್ರೆ ಯಾಕೆ, ಸ್ವಲ್ಪ ದಿನ ಬಿಟ್ಟು ನೋಡಿ’ ಎಂಬುದು ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಕಾಯಿಲೆ ಮರುಕಳಿಸಲು ದಾರಿ ಮಾಡಿಕೊಡುವುದೂ ಅದೇ. ‘ವೈದ್ಯರು ಕೊಟ್ಟಿದ್ದಾರೆ, ಸುಮ್ಮನೆ ನುಂಗಿಸಿ’ ಎಂಬ ಉತ್ತರವೂ ಸಾಲದು. ಕುಟುಂಬದವರು ಹೇಳುತ್ತಿರುವ ತೊಂದರೆ ನಿಜವಾದದ್ದು ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಸರಿಪಡಿಸಬಹುದಾದದ್ದು. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ತೊಂದರೆಯನ್ನು ಸಹಿಸಿಕೊಂಡೂ ಇರಬೇಡಿ, ತಡಮಾಡದೆ ಮಾತ್ರೆ ಕೊಟ್ಟ ವೈದ್ಯರಿಗೇ ತೋರಿಸಿ ಎಂಬುದು ಇಲ್ಲಿ ಹೇಳಬೇಕಾದ ಮಾತು. ಅದನ್ನು ನಂಬಿಕೆ ಹುಟ್ಟುವಂತೆ ಹೇಳಬೇಕಾದರೆ ಔಷಧಿಯ ವಿಚಾರ ಸ್ವಲ್ಪ ತಿಳಿದಿರಬೇಕಾಗುತ್ತದೆ.

ಇಂತಹ ಕುಟುಂಬಗಳು ವಿರಳವೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 1.4ರಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಸ್ಕಿಜೋಫ್ರೇನಿಯಾ ಅಥವಾ ಅದನ್ನು ಹೋಲುವ ತೀವ್ರ ಮಾನಸಿಕ ಕಾಯಿಲೆಗೆ ಒಳಗಾಗುತ್ತಾರೆ. 4,000 ವಯಸ್ಕರಿರುವ ಒಂದು ಪಂಚಾಯಿತಿಗೆ ಈ ಲೆಕ್ಕವನ್ನು ಅನ್ವಯಿಸಿದರೆ 50ಕ್ಕೂ ಹೆಚ್ಚು ಮಂದಿಯಾಗುತ್ತಾರೆ. ಅವರಲ್ಲಿ ಅನೇಕರ ವಿಷಯ ನೆರೆಮನೆಗೂ ತಿಳಿದಿರುವುದಿಲ್ಲ.

ಮಾತ್ರೆ ಏನು ಮಾಡುತ್ತದೆ

ಯಾರೂ ಇಲ್ಲದಿದ್ದರೂ ಧ್ವನಿಗಳು ಕೇಳಿಸುವುದು, ಮನೆಯವರೇ ಊಟದಲ್ಲಿ ವಿಷ ಹಾಕುತ್ತಿದ್ದಾರೆಂಬ ಅಲುಗಾಡದ ಸಂಶಯ, ಅರ್ಥವಾಗದ ಮಾತು, ರಾತ್ರಿಯಿಡೀ ನಿದ್ರೆಯಿಲ್ಲದ ಅಲೆದಾಟ - ಇವು ತೀವ್ರ ಮಾನಸಿಕ ಕಾಯಿಲೆಯ ಲಕ್ಷಣಗಳು. ಈ ಸ್ಥಿತಿಯಲ್ಲಿ ಮೆದುಳಿನ ಕೆಲವು ಭಾಗಗಳಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಚಟುವಟಿಕೆ ಮಿತಿಮೀರಿರುತ್ತದೆ. ಅದನ್ನು ತಗ್ಗಿಸುವ ಮೊದಲ ಔಷಧಿಯಾದ ಕ್ಲೋರ್‌ಪ್ರೊಮಜಿನ್ 1952ರಲ್ಲಿ ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಆನಂತರ ಹ್ಯಾಲೊಪೆರಿಡಾಲ್, ಫ್ಲೂಫೆನಜಿನ್, ಒಲಾಂಜಪಿನ್ ಮೊದಲಾದವು ಸೇರಿಕೊಂಡವು. 1990ರ ದಶಕದಲ್ಲಿ ಬಳಕೆಗೆ ಬಂದ ರಿಸ್ಪೆರಿಡೋನ್ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮಾತ್ರೆಗಳಲ್ಲೊಂದು. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಅದು ಇದೆ. ಆದ್ದರಿಂದ ಇಲ್ಲಿನ ವಿವರಣೆ ಮುಖ್ಯವಾಗಿ ಅದನ್ನು ಕುರಿತದ್ದು. ಉಳಿದ ಔಷಧಿಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 1 ಅಥವಾ 2 ಮಿಲಿಗ್ರಾಂನಿಂದ ಆರಂಭಿಸಿ, ನಿಧಾನವಾಗಿ ಏರಿಸುತ್ತಾರೆ. ಹೆಚ್ಚಿನವರಿಗೆ 6 ಮಿಲಿಗ್ರಾಂ ಮೀರಬೇಕಾದ ಅಗತ್ಯ ಬೀಳುವುದಿಲ್ಲ. ವೃದ್ಧರಲ್ಲಿ ಅರ್ಧ ಮಿಲಿಗ್ರಾಂನಷ್ಟು ಕಡಿಮೆಯಿಂದಲೇ ಆರಂಭ. ಊಟಕ್ಕೆ ಮುಂಚೆಯಾದರೂ ಸರಿ, ನಂತರವಾದರೂ ಸರಿ. ನಿದ್ರೆ ಮತ್ತು ಉದ್ರೇಕ ಕೆಲವೇ ದಿನಗಳಲ್ಲಿ ಹತೋಟಿಗೆ ಬರುತ್ತವೆ. ಧ್ವನಿಗಳು, ಸಂಶಯಗಳು ಇಳಿಯಲು ಎರಡರಿಂದ ಆರು ವಾರಗಳಾದರೂ ಬೇಕು. ಐದನೆಯ ದಿನ ‘ಇನ್ನೂ ಒಬ್ಬನೇ ಮಾತನಾಡುತ್ತಿದ್ದಾನೆ, ಮಾತ್ರೆ ಕೆಲಸ ಮಾಡಲಿಲ್ಲ’ ಎಂದು ವೈದ್ಯರನ್ನು ಬದಲಿಸುವುದು, ದೂರದ ಕ್ಷೇತ್ರಕ್ಕೆ ಕರೆದೊಯ್ಯುವುದು ಈ ಅವಧಿಯನ್ನು ತಿಳಿಯದೆ ಆಗುವ ನಷ್ಟ. ದೇವರಿಗೆ ಹರಕೆ ಹೊರುವುದಕ್ಕೂ ಮಾತ್ರೆಗೂ ವಿರೋಧವಿಲ್ಲ. ಹರಕೆ ತೀರಿಸಲು ಹೊರಟಾಗ ಮಾತ್ರೆಯ ಪೊಟ್ಟಣವನ್ನೂ ಚೀಲದಲ್ಲಿಟ್ಟುಕೊಂಡರೆ ಆಯಿತು.

ಬಿಟ್ಟ ಮರುದಿನ ಏನೂ ಆಗುವುದಿಲ್ಲ

ಈ ಔಷಧಿಯ ವಿಚಾರದಲ್ಲಿ ಜನರನ್ನು ಅತ್ಯಂತ ಹೆಚ್ಚು ದಾರಿತಪ್ಪಿಸುವ ಸಂಗತಿ ಇದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೆ ಅದರ ಪರಿಣಾಮ ಬೇಗನೆ ಕಾಣಿಸಿಕೊಳ್ಳುತ್ತದೆ. ರಿಸ್ಪೆರಿಡೋನ್ ಬಿಟ್ಟರೆ ಹಾಗಾಗುವುದಿಲ್ಲ. ಬದಲಿಗೆ ಮೊದಲ ಕೆಲವು ದಿನ ವ್ಯಕ್ತಿ ಹಿಂದಿಗಿಂತ ಲವಲವಿಕೆಯಿಂದ ಕಾಣುತ್ತಾನೆ: ಬಿಗಿತ ಸಡಿಲವಾಗುತ್ತದೆ, ಮಂಪರು ಹೋಗುತ್ತದೆ, ಮುಖದಲ್ಲಿ ನಗು ಬರುತ್ತದೆ. ‘ನೋಡಿ, ಮಾತ್ರೆಯೇ ಕಾಯಿಲೆಯಾಗಿತ್ತು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಕಾಯಿಲೆ ಮರಳುವುದು ವಾರಗಳ ಅಥವಾ ತಿಂಗಳುಗಳ ನಂತರ. ಆ ಹೊತ್ತಿಗೆ ಮಾತ್ರೆ ಬಿಟ್ಟದ್ದು ಮರೆತುಹೋಗಿರುತ್ತದೆ. ಸುಗ್ಗಿಯ ಕೆಲಸದ ಆಯಾಸ, ದಾಯಾದಿಗಳ ಜಗಳ, ಅಮಾವಾಸ್ಯೆ - ಹೀಗೆ ಬೇರೊಂದು ಕಾರಣ ಸಿದ್ಧವಾಗಿರುತ್ತದೆ. ಮೂರು ತಿಂಗಳ ಹಿಂದೆ ನಿಂತ ಮಾತ್ರೆಗೂ ಇಂದಿನ ಕೂಗಾಟಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಮರುಕಳಿಸುವ ಮುನ್ನ ಸೂಚನೆಗಳಿರುತ್ತವೆ. ಮೊದಲು ನಿದ್ರೆ ಕೆಡುತ್ತದೆ. ಸ್ನಾನ ತಪ್ಪುತ್ತದೆ, ಒಬ್ಬರೇ ಇರಲು ಬಯಸುತ್ತಾರೆ, ಚಿಕ್ಕ ಮಾತಿಗೂ ಸಂಶಯ ಬರುತ್ತದೆ. ಈ ಹಂತದಲ್ಲಿ ವೈದ್ಯರನ್ನು ಕಂಡರೆ ಮಾತ್ರೆಯ ಹೊಂದಾಣಿಕೆಯಲ್ಲೇ ಮುಗಿಯಬಹುದು. ಅದು ದಾಟಿದರೆ ಆಸ್ಪತ್ರೆ ವಾಸ, ಸಾಲ, ಕೆಲವೊಮ್ಮೆ ಪೊಲೀಸ್ ಠಾಣೆ. ಪ್ರತಿ ಬಾರಿ ಮರುಕಳಿಸಿದಾಗಲೂ ಹಿಂದಿನ ಸ್ಥಿತಿಗೆ ಬರಲು ಹೆಚ್ಚು ಕಾಲ ಹಿಡಿಯಬಹುದು. ಆದ್ದರಿಂದ ಮೊದಲ ಬಾರಿ ಕಾಯಿಲೆ ಬಂದವರಿಗೂ ಗುಣ ಕಂಡ ನಂತರ ಒಂದೆರಡು ವರ್ಷವಾದರೂ ಮಾತ್ರೆ ಮುಂದುವರಿಸುವಂತೆ ವೈದ್ಯರು ಹೇಳುತ್ತಾರೆ. ಪದೇ ಪದೇ ಮರುಕಳಿಸಿದವರಿಗೆ ಅವಧಿ ಇನ್ನೂ ದೀರ್ಘ. ನಿಲ್ಲಿಸುವ ಕಾಲ ಬಂದಾಗಲೂ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಗುತ್ತದೆ.

ಈ ಮಾತ್ರೆ ಚಟ ಹಿಡಿಸುವುದಿಲ್ಲ. ‘ಒಮ್ಮೆ ಶುರು ಮಾಡಿದರೆ ಬಿಡಲಾಗದು’ ಎಂಬ ಮಾತಿನಲ್ಲಿ ಸಾರಾಯಿಗೂ ಮಾತ್ರೆಗೂ ವ್ಯತ್ಯಾಸ ಅಳಿಸಿಹೋಗಿದೆ.

ಅಡ್ಡಪರಿಣಾಮಗಳು: ಯಾವುದು, ಯಾವಾಗ

ರಿಸ್ಪೆರಿಡೋನ್‌ಗೆ ಅಡ್ಡಪರಿಣಾಮಗಳಿವೆ. ಇಲ್ಲವೆಂದು ಹೇಳುವುದರಿಂದ ಯಾರಿಗೂ ಉಪಯೋಗವಿಲ್ಲ. ಹಾಗೆ ಹೇಳಿದವರ ಮಾತನ್ನು ಕುಟುಂಬದವರು ಮುಂದೆ ನಂಬುವುದೂ ಇಲ್ಲ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ ಎಂಬುದು ನಿಜ. ಬರುವ ಕಾಲವೂ ಒಂದೊಂದಕ್ಕೆ ಒಂದೊಂದು ರೀತಿ.

ಮೊದಲ ಗಂಟೆಗಳಲ್ಲಿ ಅಥವಾ ಮೊದಲ ಕೆಲವು ದಿನಗಳಲ್ಲಿ, ವಿಶೇಷವಾಗಿ ಯುವಕರಲ್ಲಿ, ಕಾಣಿಸಿಕೊಳ್ಳಬಹುದಾದದ್ದು ಸ್ನಾಯುಗಳ ಹಠಾತ್ ಸೆಳೆತ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ, ನಾಲಿಗೆ ಹೊರಳುವುದಿಲ್ಲ, ದವಡೆ ಬಿಗಿಯುತ್ತದೆ. ನೋಡುವವರಿಗೆ ಇದು ಭಯಂಕರ ದೃಶ್ಯ. ದೆವ್ವ ಮೆಟ್ಟಿದೆ ಎಂದೋ ಲಕ್ವ ಹೊಡೆಯಿತೆಂದೋ ಊರು ಸೇರುತ್ತದೆ. ಇದು ಔಷಧಿಯ ಪರಿಣಾಮ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಪ್ರೊಮೆಥಜಿನ್‌ನಂತಹ ಒಂದು ಚುಚ್ಚುಮದ್ದು ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಕರೆದೊಯ್ದವರು ‘ಈತ ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಿದ್ದಾನೆ’ ಎಂದು ಹೇಳಿ ಪೊಟ್ಟಣವನ್ನು ತೋರಿಸಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಗಂಟಲು ಬಿಗಿದು ಉಸಿರಾಟಕ್ಕೆ ಕಷ್ಟವಾಗುವುದು ಅಪರೂಪ. ಹಾಗಾದರೆ ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಕೆಲವು ವಾರಗಳಲ್ಲಿ ಬರುವುದು ಆರಂಭದಲ್ಲಿ ಹೇಳಿದ ಕೊರಡಿನ ಸ್ಥಿತಿ: ಕೈಕಾಲುಗಳ ಬಿಗಿತ, ನಡುಕ, ಕಾಲೆಳೆದು ನಡೆಯುವುದು, ಭಾವವಿಲ್ಲದ ಮುಖ, ಜೊಲ್ಲು. ಪ್ರಮಾಣವನ್ನು ಇಳಿಸಿದರೆ ಅಥವಾ ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರೆ ಇದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಈ ಎರಡನೆಯ ಮಾತ್ರೆಯನ್ನೂ ವೈದ್ಯರು ಹೇಳಿದಷ್ಟು ಕಾಲ ಮಾತ್ರ ನುಂಗಬೇಕು. ಅದರಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ವೃದ್ಧರಲ್ಲಿ ಮರೆವು ಹೆಚ್ಚುತ್ತದೆ. ಅಮಲಿಗಾಗಿ ಅದನ್ನು ಬಳಸುವವರೂ ಇರುವುದರಿಂದ ಮನೆಯಲ್ಲಿ ಉಳಿದ ಪೊಟ್ಟಣಗಳ ಮೇಲೆ ಕಣ್ಣಿರಲಿ.

ಇನ್ನೊಂದು ಅಡ್ಡಪರಿಣಾಮವನ್ನು ಗುರುತಿಸುವಲ್ಲಿ ಓದಿದವರೂ ಎಡವುತ್ತಾರೆ. ವ್ಯಕ್ತಿ ಕುಳಿತಲ್ಲಿ ಕುಳಿತಿರಲಾರ, ನಿಂತಲ್ಲಿ ನಿಲ್ಲಲಾರ. ಕಾಲುಗಳನ್ನು ಅಲುಗಾಡಿಸುತ್ತಲೇ ಇರುತ್ತಾನೆ, ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಓಡಾಡುತ್ತಾನೆ, ಒಳಗೆ ಇರುವೆ ಹರಿದಾಡಿದಂತೆ ತಳಮಳ ಎನ್ನುತ್ತಾನೆ. ಇದು ಅಕಾಥಿಸಿಯಾ. ಮನೆಯವರು ಕಾಯಿಲೆಯೇ ಹೆಚ್ಚಾಯಿತೆಂದು ತಿಳಿದು ಒಂದು ಮಾತ್ರೆಯನ್ನು ಹೆಚ್ಚಿಗೆ ಕೊಡುತ್ತಾರೆ. ಅದರಿಂದ ಚಡಪಡಿಕೆ ಇಮ್ಮಡಿಯಾಗುತ್ತದೆ. ಈ ತಳಮಳ ತಾಳಲಾರದೆ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಇಳಿಯುವವರೂ ಇದ್ದಾರೆ. ಮಾತ್ರೆ ಆರಂಭಿಸಿದ ಅಥವಾ ಹೆಚ್ಚಿಸಿದ ಕೆಲವೇ ದಿನಗಳಲ್ಲಿ, ಹಿಂದೆಂದೂ ಇಲ್ಲದ ಓಡಾಟ ಶುರುವಾದರೆ ಮೊದಲು ಸಂಶಯಿಸಬೇಕಾದದ್ದು ಇದನ್ನು. ಪ್ರಮಾಣ ಇಳಿಸುವುದು, ಪ್ರೊಪ್ರನೊಲಾಲ್‌ನಂತಹ ಔಷಧಿ ಸೇರಿಸುವುದು, ಮಾತ್ರೆಯನ್ನೇ ಬದಲಿಸುವುದು - ವೈದ್ಯರ ಬಳಿ ಹಲವು ದಾರಿಗಳಿವೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕಾದದ್ದು. ರಿಸ್ಪೆರಿಡೋನ್ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಇತರ ಹಲವು ಮಾತ್ರೆಗಳಿಗಿಂತ ಹೆಚ್ಚಾಗಿ. ಇದರಿಂದ ಮುಟ್ಟು ತಪ್ಪಬಹುದು ಅಥವಾ ನಿಂತೇ ಹೋಗಬಹುದು. ಬಾಣಂತಿಯಲ್ಲದಿದ್ದರೂ ಎದೆಯಲ್ಲಿ ಹಾಲು ಬರಬಹುದು. ಮದುವೆಯಾಗದ ಹುಡುಗಿಗೆ ಹೀಗಾದರೆ ಊರಿನ ಬಾಯಿಗೆ ಸಿಗುವ ಕಥೆಯನ್ನು ಊಹಿಸುವುದು ಕಷ್ಟವಲ್ಲ; ಈ ಒಂದು ಕಾರಣಕ್ಕೇ ಗುಟ್ಟಾಗಿ ಮಾತ್ರೆ ನಿಲ್ಲಿಸುವವರಿದ್ದಾರೆ. ಆಶಾ ಕಾರ್ಯಕರ್ತೆಯರು ಮೊದಲೇ ಈ ಮಾತನ್ನು ತಾಯಿಯ ಕಿವಿಗೆ ಹಾಕಿದ್ದರೆ ಅರ್ಧ ಭಯ ಕಳೆಯುತ್ತದೆ. ಮದುವೆಯಾದವರಲ್ಲಿ ಮುಟ್ಟು ನಿಂತದ್ದು ಮಾತ್ರೆಯಿಂದಲೇ ಎಂದು ಸುಮ್ಮನಿರುವುದೂ ತಪ್ಪು, ಗರ್ಭ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯೆಂದು ತಿಳಿದಾಕ್ಷಣ ಮಾತ್ರೆಯನ್ನು ಎಸೆಯಬಾರದು. ಕಾಯಿಲೆ ಮರುಕಳಿಸಿದರೆ ತಾಯಿಗೂ ಮಗುವಿಗೂ ಅಪಾಯ. ಮುಂದೇನು ಮಾಡಬೇಕೆಂಬುದನ್ನು ಮನೋವೈದ್ಯರು ಮತ್ತು ಪ್ರಸೂತಿ ವೈದ್ಯರು ಸೇರಿ ನಿರ್ಧರಿಸುತ್ತಾರೆ. ಗಂಡಸರಲ್ಲಿಯೂ ಇದೇ ಹಾರ್ಮೋನಿನಿಂದ ಲೈಂಗಿಕ ಆಸಕ್ತಿ ಕುಗ್ಗುವುದುಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಾತ್ರೆಯನ್ನು ಮಾತ್ರ ಸದ್ದಿಲ್ಲದೆ ಬಿಡುತ್ತಾರೆ.

ಮಲಗಿದ್ದವರು ಥಟ್ಟನೆ ಎದ್ದಾಗ ತಲೆ ಸುತ್ತುವುದು, ಹಗಲಿನಲ್ಲಿ ಮಂಪರು, ಹಸಿವು ಮತ್ತು ತೂಕ ಹೆಚ್ಚುವುದು ಸಾಮಾನ್ಯ. ಎದ್ದು ಸ್ವಲ್ಪ ಹೊತ್ತು ಕುಳಿತು ನಂತರ ನಿಲ್ಲುವ ಅಭ್ಯಾಸ ಮಾಡಿಸಬೇಕು. ಮೊದಲ ವಾರಗಳಲ್ಲಿ ಟ್ರ್ಯಾಕ್ಟರ್ ಓಡಿಸುವುದು, ಅಡಿಕೆ ಅಥವಾ ತೆಂಗಿನ ಮರ ಹತ್ತುವುದು, ಬಾವಿಕಟ್ಟೆಯ ಕೆಲಸ, ಕಬ್ಬಿನ ಗಾಣದ ಬಳಿಯ ಕೆಲಸ ಬೇಡ. ತೂಕ, ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ಆರಂಭದಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯವರೇ ಇದನ್ನು ಮಾಡಬಲ್ಲರು.

ವರ್ಷಗಟ್ಟಲೆ ಮಾತ್ರೆ ನುಂಗಿದ ಕೆಲವರಲ್ಲಿ ತುಟಿ, ನಾಲಿಗೆ, ದವಡೆಗಳು ತಾವಾಗಿ ಆಡುತ್ತಿರುತ್ತವೆ, ಎಲೆಅಡಿಕೆ ಜಗಿದಂತೆ. ಟಾರ್ಡಿವ್ ಡಿಸ್ಕೈನೀಷಿಯಾ ಎಂಬ ಈ ಚಲನೆ ಬೇರೂರಿದರೆ ಹೋಗುವುದು ಕಷ್ಟ, ಆರಂಭದಲ್ಲಿಯೇ ವೈದ್ಯರ ಕಣ್ಣಿಗೆ ಬೀಳಬೇಕು. ಬಾಯಲ್ಲಿ ಏನೂ ಇಲ್ಲದಿರುವಾಗಲೂ ಜಗಿಯುತ್ತಿರುವುದನ್ನು ಮೊದಲು ಗಮನಿಸುವವರು ಮನೆಯವರೇ.

ಆ ದಿನದ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭ

ತಾವಾಗಿ ನಿಲ್ಲಿಸಬೇಡಿ ಎಂಬ ಮಾತಿಗೆ ಒಂದು ಅಪವಾದವಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜೋರಾದ ಜ್ವರ, ಕೋಲಿನಂತೆ ಸೆಟೆದ ಮೈ, ಧಾರಾಕಾರ ಬೆವರು, ಏರುಪೇರಾದ ನಾಡಿ, ಪ್ರಜ್ಞೆ ಮಸುಕಾಗುವುದು - ಇವು ಒಟ್ಟಾಗಿ ಕಂಡರೆ ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಇರಬಹುದು. ಬಹಳ ಅಪರೂಪ, ಆದರೆ ಪ್ರಾಣಾಂತಿಕ. ಮುಂದಿನ ಮಾತ್ರೆ ಕೊಡದೆ ನೇರವಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು ಮತ್ತು ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಬಾಗಿಲಲ್ಲೇ ಹೇಳಬೇಕು. ಮಲೇರಿಯಾ, ಡೆಂಗಿ ಹರಡಿರುವ ಕಾಲದಲ್ಲಿ ‘ಇದೂ ಅದೇ ಜ್ವರ’ ಎಂದು ಗ್ಲೂಕೋಸ್ ಹಾಕಿಸಿ ಮನೆಗೆ ಕಳುಹಿಸುವ ಅಪಾಯವಿದೆ. ಮೈ ಸೆಟೆದಿದೆಯೇ ಎಂಬುದೇ ಮುಖ್ಯ ಸುಳಿವು.

ಬಿಸಿಲಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಈ ಔಷಧಿಗಳು, ಅದರಲ್ಲೂ ಟ್ರೈಹೆಕ್ಸಿಫೆನಿಡಿಲ್ ಜೊತೆಯಲ್ಲಿದ್ದರೆ, ದೇಹವು ಶಾಖವನ್ನು ಹೊರಹಾಕುವ ಶಕ್ತಿಯನ್ನು ತಗ್ಗಿಸುತ್ತವೆ. ರಾಯಚೂರು, ಕಲಬುರಗಿಯಂತಹ ಕಡೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ಆರೋಗ್ಯವಂತರನ್ನೇ ಕೆಡವುತ್ತದೆ. ಇಂತಹ ಕಾರ್ಮಿಕರಿಗೆ ಕಾಮಗಾರಿ ಸ್ಥಳದಲ್ಲಿ ನೆರಳಿನ ಕೆಲಸ, ಬೆಳಗಿನ ಪಾಳಿ, ಆಗಾಗ್ಗೆ ನೀರು ಸಿಗುವಂತೆ ನೋಡಿಕೊಳ್ಳುವುದು ಕಾಯಕ ಬಂಧುವಿನಿಂದಲೂ ಆಗಬಹುದಾದ ಕೆಲಸ. ಕಾಯಿಲೆಯ ಹೆಸರು ಹೇಳದೆಯೂ ಅದನ್ನು ಏರ್ಪಡಿಸಬಹುದು.

ಮನೆಯಲ್ಲಿ ಆಗುವ ತಪ್ಪುಗಳು

ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕಂಪನಿಯ ಹೆಸರು. ಔಷಧಿಯ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟದ್ದು ಒಂದು ಬಣ್ಣದ ಪೊಟ್ಟಣ, ಅಂಗಡಿಯಲ್ಲಿ ಕೊಂಡದ್ದು ಇನ್ನೊಂದು ಬಣ್ಣದ್ದು, ಎರಡರಲ್ಲೂ ರಿಸ್ಪೆರಿಡೋನ್. ಬೇರೆ ಬೇರೆ ಮಾತ್ರೆಗಳೆಂದು ಎರಡನ್ನೂ ನುಂಗಿಸಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್ ಎರಡೂ ಬೆರೆತ ಒಂದೇ ಮಾತ್ರೆಯೂ ಮಾರುಕಟ್ಟೆಯಲ್ಲಿದೆ, ಅದರಿಂದ ಗೊಂದಲ ಇನ್ನಷ್ಟು. ಪ್ರತಿ ಬಾರಿ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲಾ ಪೊಟ್ಟಣಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಯ್ಯುವುದು ಸುಲಭದ ಪರಿಹಾರ.

ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ಕೊಡಬಹುದು. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ಕೊಡಬೇಕು, ಎರಡನ್ನು ಸೇರಿಸಿ ಕೊಡಬಾರದು. ಮದ್ಯದೊಂದಿಗೆ ಈ ಮಾತ್ರೆ ಸೇರಿದರೆ ಮಂಪರು ಅಪಾಯದ ಮಟ್ಟಕ್ಕೆ ಏರುತ್ತದೆ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್ ಬಿಗಿತವನ್ನು ಹೆಚ್ಚಿಸುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ರಿಸ್ಪೆರಿಡೋನ್‌ನ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ಹಲ್ಲುನೋವಿಗೆ ಹೋದರೂ ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳಬೇಕು. ಅರಳುಮರುಳಿನ ವೃದ್ಧರು ಗಲಾಟೆ ಮಾಡುತ್ತಾರೆಂದು ಮನೆಯಲ್ಲಿರುವ ಇನ್ನೊಬ್ಬರ ಮಾತ್ರೆಯನ್ನು ಕೊಡುವುದು ಅತ್ಯಂತ ಅಪಾಯಕಾರಿ. ಅವರಲ್ಲಿ ಇದು ಪಾರ್ಶ್ವವಾಯು ಮತ್ತು ಸಾವಿನ ಸಂಭವವನ್ನು ಹೆಚ್ಚಿಸುತ್ತದೆ. ಮಾತ್ರೆಗಳು ಮಕ್ಕಳ ಕೈಗೆ ಸಿಗದಂತೆ, ಒಟ್ಟು ತಿಂಗಳ ಮಾತ್ರೆ ಕಾಯಿಲೆಯವರ ಕೈಯಲ್ಲಿ ಇರದಂತೆ ಜವಾಬ್ದಾರಿಯ ಒಬ್ಬರು ಇಟ್ಟುಕೊಳ್ಳುವುದು ಲೇಸು.

ಮಾತ್ರೆ ಬೇಡವೆನ್ನುವವರಿಗೆ ಸಾರಿನಲ್ಲಿ ಕದಡಿ, ಮುದ್ದೆಯಲ್ಲಿ ಅಡಗಿಸಿ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಅದರ ಹಿಂದಿನ ಅಸಹಾಯಕತೆಯನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಊಟದಲ್ಲಿ ವಿಷವಿದೆ ಎಂಬ ಸಂಶಯದಿಂದಲೇ ನರಳುತ್ತಿರುವವನಿಗೆ ಒಂದು ದಿನ ಮುದ್ದೆಯೊಳಗೆ ಮಾತ್ರೆಯ ಚೂರು ಸಿಕ್ಕರೆ, ಅವನ ಸಂಶಯಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಆಮೇಲೆ ಊಟವೂ ನಿಲ್ಲುತ್ತದೆ, ನಂಬಿಕೆಯೂ ಹೋಗುತ್ತದೆ. ಚಿಕಿತ್ಸೆಗೆ ವ್ಯಕ್ತಿಯ ಒಪ್ಪಿಗೆ ಬೇಕೆಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವೂ ಹೇಳುತ್ತದೆ. ಇಂತಹ ಮನೆಯವರು ವೈದ್ಯರಿಗೆ ನಿಜ ಹೇಳಿದರೆ ಬೇರೆ ಮಾರ್ಗಗಳಿವೆ. ಅವುಗಳಲ್ಲಿ ಒಂದು, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಫ್ಲೂಫೆನಜಿನ್ ಚುಚ್ಚುಮದ್ದು. ದಿನದಿನದ ಜಗಳ ಅದರಿಂದ ತಪ್ಪುತ್ತದೆ. ಒಮ್ಮೆ ಮೈ ಸೇರಿದ ಮೇಲೆ ಹಿಂತೆಗೆಯಲಾಗದ ಕಾರಣ, ಅದರ ಅಡ್ಡಪರಿಣಾಮಗಳೂ ವಾರಗಟ್ಟಲೆ ಇರಬಹುದು ಎಂಬುದನ್ನು ತಿಳಿದೇ ಒಪ್ಪಬೇಕು.

ಉಳಿದ ಮಾತ್ರೆಗಳಿಂದ ಗುಣ ಕಾಣದವರಿಗೆ ಕೊಡುವ ಕ್ಲೋಜಪಿನ್‌ನ ದಾರಿ ಬೇರೆ. ಅದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಬಾರದು. ಗಂಟಲುನೋವು, ಜ್ವರ ಬಂದರೆ ಅದೇ ದಿನ ಪರೀಕ್ಷೆ. ತೀವ್ರ ಮಲಬದ್ಧತೆಯನ್ನೂ ಕಡೆಗಣಿಸುವಂತಿಲ್ಲ. ಎರಡು ದಿನಕ್ಕಿಂತ ಹೆಚ್ಚು ಬಿಟ್ಟಿದ್ದರೆ ಹಳೆಯ ಪ್ರಮಾಣದಿಂದಲೇ ಮತ್ತೆ ಶುರು ಮಾಡಬಾರದು, ವೈದ್ಯರನ್ನು ಕೇಳಬೇಕು. ಬೀಡಿ ಸೇದುವವರು ಥಟ್ಟನೆ ಬಿಟ್ಟರೆ ರಕ್ತದಲ್ಲಿ ಕ್ಲೋಜಪಿನ್ ಮತ್ತು ಒಲಾಂಜಪಿನ್‌ಗಳ ಮಟ್ಟ ಏರುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಬೀಡಿ ಬಿಡುವುದು ಒಳ್ಳೆಯದೇ, ವೈದ್ಯರಿಗೆ ಹೇಳಿ ಬಿಡಬೇಕಷ್ಟೆ.

ಪಂಚಾಯಿತಿಯ ವ್ಯಾಪ್ತಿಯಲ್ಲಿರುವುದು

ಮಾನಸಿಕ ಕಾಯಿಲೆಗೆ ಪಟ್ಟಣದ ದೊಡ್ಡ ಆಸ್ಪತ್ರೆಯೇ ಆಗಬೇಕೆಂಬ ಭಾವನೆಯನ್ನು ಕರ್ನಾಟಕದ್ದೇ ಅನುಭವ ಅಲ್ಲಗಳೆದಿದೆ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ಈ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ದೊರೆಯುತ್ತದೆ. ತಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ, ಯಾವ ಕೊಠಡಿ ಎಂಬುದನ್ನು ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಕೇಳಿ ತಿಳಿದಿರುವುದು ಒಳ್ಳೆಯದು. ಮಧ್ಯರಾತ್ರಿಯ ಪ್ರಶ್ನೆಗಳಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಾತ್ರೆ ನಿಲ್ಲಲು ಅಡ್ಡಪರಿಣಾಮದಷ್ಟೇ ದೊಡ್ಡ ಕಾರಣ ಮಾತ್ರೆ ಸಿಗದಿರುವುದು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲಾ ಕಾಲದಲ್ಲೂ ಉಚಿತವಾಗಿ ಸಿಗಬೇಕೆಂದು 2017ರ ಅಧಿನಿಯಮದ 18ನೇ ಪ್ರಕರಣ ಹೇಳುತ್ತದೆ. ದಾಸ್ತಾನು ಮುಗಿದಿದೆ ಎಂಬ ಉತ್ತರ ಬಂದರೆ ಅದನ್ನು ಲಿಖಿತವಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬಹುದು. ಈ ನಡುವೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಬಹುದು. ದುಡಿಯಲಾಗದ ಸ್ಥಿತಿಯಲ್ಲಿರುವವರಿಗೆ ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಡಿ ಅಂಗವೈಕಲ್ಯವೇ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರವಿದ್ದರೆ ವಿಶಿಷ್ಟ ಗುರುತಿನ ಚೀಟಿಗೂ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಪಂಚಾಯಿತಿಯಲ್ಲಿಯೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೆಲಸವೇ ಇದು.

ಮಾತ್ರೆ ನಿಂತು ಕಾಯಿಲೆ ಮರುಕಳಿಸಿದ ಮನೆಗಳಲ್ಲಿ ಕೊನೆಗೆ ಹಗ್ಗ, ಸರಪಳಿ ಹೊರಬರುತ್ತವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾರದೆ 28 ಮಂದಿ ಸತ್ತರು. ಸರಪಳಿ ಹಾಕುವುದನ್ನು ಅಧಿನಿಯಮದ 95ನೇ ಪ್ರಕರಣ ಯಾವ ರೂಪದಲ್ಲಿಯೂ ನಿಷೇಧಿಸಿದೆ. ಆದರೆ ಕಟ್ಟಿಹಾಕಿದ ಮನೆಗೆ ಹೋದ ಸದಸ್ಯರು ಕಾನೂನಿನ ಮಾತಿನಿಂದ ಆರಂಭಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಾತ್ರೆ ಯಾವಾಗ ನಿಂತಿತು, ಯಾಕೆ ನಿಂತಿತು, ಆಗ ಮೈಗೆ ಏನಾಗುತ್ತಿತ್ತು ಎಂದು ವಿಚಾರಿಸಿದರೆ ಮಾತು ಮುಂದುವರಿಯುತ್ತದೆ. ಹೆಚ್ಚಿನ ಕಡೆ ಸಿಗುವ ಉತ್ತರ ಈ ಲೇಖನದಲ್ಲಿ ಹೇಳಿದ ಯಾವುದೋ ಒಂದು ಅಡ್ಡಪರಿಣಾಮವಾಗಿರುತ್ತದೆ. ಆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಹಳೆಯ ಪೊಟ್ಟಣದೊಂದಿಗೆ ಆಶಾ ಕಾರ್ಯಕರ್ತೆಯ ಮೂಲಕ ಮುಂದಿನ ಮಂಗಳವಾರಕ್ಕೆ ಕಳುಹಿಸಿಕೊಡಬಹುದು. ಗ್ರಾಮಸಭೆಯಲ್ಲಾಗಲಿ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ನಡವಳಿ ಪುಸ್ತಕದಲ್ಲಾಗಲಿ ಕಾಯಿಲೆಯವರ ಹೆಸರು ಬರಕೂಡದು. ಎಷ್ಟು ಮಂದಿಗೆ ಈ ತಿಂಗಳು ಮಾತ್ರೆ ಸಿಕ್ಕಿಲ್ಲ ಎಂಬ ಸಂಖ್ಯೆ ಮಾತ್ರ ದಾಖಲಾದರೆ ಸಾಕು.